ತಂಗುಮನೆ: ಅನಾಥ ಮರಿಗಳಿಗೆ ಕೆಲವು ವಾರಗಳ ಆಸರೆ

ಶೀಗಿ ಹುಣ್ಣಿಮೆ ಕಳೆದು ಚಳಿ ಮೂಡುವ ಹೊತ್ತಿಗೆ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಬೀದಿನಾಯಿಗಳು ಮರಿ ಹಾಕುವ ಕಾಲ ಆರಂಭವಾಗುತ್ತದೆ. ಗಂಡುಮರಿಗಳನ್ನು ತೋಟದ ಮನೆಗೆಂದು ಯಾರಾದರೂ ಒಯ್ಯುತ್ತಾರೆ. ಹೆಣ್ಣುಮರಿಗಳು ಗೋಣಿಚೀಲ ಸೇರಿ ಊರ ಹೊರಗಿನ ತಿಪ್ಪೆಗೋ ಸಂತೆಯ ಬಯಲಿಗೋ ಬೀಳುತ್ತವೆ. ಬೆಕ್ಕಿನ ಮರಿಗಳ ಪಾಡೂ ಇದಕ್ಕಿಂತ ಭಿನ್ನವಲ್ಲ.

ಇಂಥ ಜೀವಗಳಿಗೆ ಕಾಯಂ ಸಾಕುವವರು ದೊರೆಯುವತನಕ ಅವುಗಳನ್ನು ಸ್ವಂತ ಇಚ್ಛೆಯಿಂದ ಮನೆಯಲ್ಲಿರಿಸಿಕೊಂಡು ಆರೈಕೆ ಮಾಡುವ ಪದ್ಧತಿಯನ್ನು ನಗರಗಳಲ್ಲಿ ಫಾಸ್ಟರ್ ಹೋಮ್ ಎನ್ನುತ್ತಾರೆ. ನಾವು ಅದನ್ನು ತಂಗುಮನೆ ಎಂದು ಕರೆಯೋಣ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಅವರು 1991ರಲ್ಲಿ ಸ್ಥಾಪಿಸಿದ ಕ್ಯೂಪಾದಂಥ ಸಂಸ್ಥೆಗಳಿಗೆ ಇಂಥ ಮನೆಗಳ ನೆರವು ಬೇಕೇ ಬೇಕು. ನಮ್ಮ ರೈತರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಒಬ್ಬರ ಎಮ್ಮೆಯನ್ನು ಇನ್ನೊಬ್ಬರು ಪಾಲಿಗೆ ಸಾಕುವುದು ನಮ್ಮಲ್ಲಿ ರೂಢಿಯಲ್ಲಿದೆ. ಇಲ್ಲಿ ಪಾಲು ಮಾತ್ರ ಇರುವುದಿಲ್ಲ.

ಮರಿಗಳನ್ನು ದೊಡ್ಡ ಆಶ್ರಯ ಕೇಂದ್ರಕ್ಕೆ ಸೇರಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಹಲವು ಕಡೆಯಿಂದ ಬಂದ ನಾಯಿಗಳು ಒಟ್ಟಿಗಿರುವಲ್ಲಿ ಪಾರ್ವೊ ಎಂಬ ರಕ್ತಭೇದಿಯ ರೋಗ ಬೇಗ ಹರಡುತ್ತದೆ. ಅದರ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ, ಸಾಮಾನ್ಯ ಸಾಬೂನಿಗೆ ಜಗ್ಗುವುದಿಲ್ಲ. ಲಸಿಕೆಯಾಗದ ಎಳೆಯ ಮರಿಗೆ ಮನೆಯ ಪಡಸಾಲೆಯ ಒಂದು ಮೂಲೆಯೇ ಹೆಚ್ಚು ಸುರಕ್ಷಿತ.

ಆದರೆ ಬೀದಿಯಲ್ಲಿ ಕಂಡ ಪ್ರತಿಯೊಂದು ನಾಯಿಯನ್ನೂ ಮನೆಗೆ ತರಬೇಕಾಗಿಲ್ಲ. ಆರೋಗ್ಯವಾಗಿರುವ ವಯಸ್ಕ ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಮಾಡಿಸಿ ಮೊದಲಿದ್ದ ಜಾಗದಲ್ಲೇ ಬಿಡಬೇಕೆಂಬುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಮೂಲ ಕ್ರಮ. ತಾಯಿಯಿರುವ ಮರಿಗಳನ್ನೂ ಎತ್ತಿ ತರಬಾರದು. ಅವಸರದ ಕರುಣೆ ಅವುಗಳಿಗೆ ಹಾಲನ್ನು ತಪ್ಪಿಸುತ್ತದೆ. ತಾಯಿ ಸತ್ತ ಮರಿ, ಗಾಯಗೊಂಡ ಪ್ರಾಣಿ, ಸಾಕಿದವರು ಬೀದಿಗೆ ಬಿಟ್ಟ ನಾಯಿ, ಇವು ತಂಗುಮನೆಗೆ ಸಲ್ಲುವಂಥವು.

ಮರಿ ಬಂದೊಡನೆ ಅದನ್ನು ಪಶುವೈದ್ಯರಿಗೆ ತೋರಿಸಿ, ಹದಿನಾಲ್ಕು ದಿನ ಮನೆಯ ಇತರ ಪ್ರಾಣಿಗಳಿಂದ ದೂರವಿರಿಸಬೇಕು. ಎರಡು ಮೂರು ವಾರದೊಳಗಿನ ಮರಿಗೆ ತನ್ನ ಮೈಯ ಶಾಖವನ್ನು ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕದಲ್ಲಿಟ್ಟು, ಮೈ ಬೆಚ್ಚಗಾದ ಮೇಲೆಯೇ ಹಾಲೂಡಿಸಬೇಕು. ಕೂಸಿನಂತೆ ಅಂಗಾತ ಮಲಗಿಸದೆ ಹೊಟ್ಟೆಯ ಮೇಲೆಯೇ ಇರಿಸಿ ಊಡಿಸಬೇಕು. ಹೆತ್ತ ನಾಯಿಯ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನು ಆಕಳ ಹಾಲಿಗಿಂತ ಎರಡು ಪಟ್ಟು ಹೆಚ್ಚು. ಬರಿಯ ಆಕಳ ಹಾಲಿನಿಂದ ಮರಿ ಸೊರಗುತ್ತದೆ, ಭೇದಿಯೂ ಆಗಬಹುದು. ಅಂಗಡಿಯಲ್ಲಿ ದೊರೆಯುವ ಮರಿಹಾಲಿನ ಪುಡಿಯೇ ಯೋಗ್ಯ. ಪ್ರತಿ ಸಲ ಊಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೃದುವಾಗಿ ಒರೆಸಿದರೆ ಮಾತ್ರ ಎಳೆಯ ಮರಿ ಮಲಮೂತ್ರ ವಿಸರ್ಜಿಸುತ್ತದೆ. ತಾಯಿ ನಾಲಿಗೆಯಿಂದ ಮಾಡುವ ಕೆಲಸವಿದು.

ಆಹಾರದ ವಿಷಯದಲ್ಲಿ ನಮ್ಮ ಶಾಕಾಹಾರಿ ಮನೆಗಳು ಒಂದು ಮಾತನ್ನು ಸ್ಪಷ್ಟವಾಗಿ ಅರಿಯಬೇಕು. ನಾಯಿ ಮಿಶ್ರಾಹಾರಿ, ಪಿಷ್ಟವನ್ನೂ ಜೀರ್ಣಿಸಬಲ್ಲದು. ಹಾಲಿನಲ್ಲಿ ನೆನೆಸಿದ ರೊಟ್ಟಿಯೊಂದರಿಂದಲೇ ಬೆಳೆಯುವ ಮರಿಗೆ ಪೋಷಣೆ ಸಾಲದಾದರೂ, ಮರಿಗಳಿಗಾಗಿಯೇ ತಯಾರಿಸಿದ ಆಹಾರದೊಡನೆ ಮೊಸರು, ಬೇಯಿಸಿದ ಬೇಳೆ ಕೊಟ್ಟು ಸಾಕಬಹುದು. ಬೆಕ್ಕು ಹಾಗಲ್ಲ. ಅದು ಹುಟ್ಟಿನಿಂದಲೇ ಮಾಂಸಾಹಾರಿ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ದೊರೆಯದಿದ್ದರೆ ಕ್ರಮೇಣ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಬೆಕ್ಕಿಗೆಂದೇ ಇರುವ ಪೊಟ್ಟಣದ ಆಹಾರವನ್ನು ಹೊಸ್ತಿಲೊಳಗೆ ತರಲು ಮನಸ್ಸೊಪ್ಪದವರು ಬೆಕ್ಕಿನ ಮರಿಯನ್ನು ಒಪ್ಪಿಕೊಳ್ಳದಿರುವುದೇ ಲೇಸು. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಮನೆಮದ್ದಿನ ಬಗೆಗೂ ಎಚ್ಚರ ಬೇಕು. ಮನುಷ್ಯನಿಗೆ ಹಿತವಾದ ಬೆಳ್ಳುಳ್ಳಿ ಮತ್ತು ಉಳ್ಳಾಗಡ್ಡಿ ನಾಯಿ-ಬೆಕ್ಕುಗಳ ರಕ್ತಕಣಗಳನ್ನು ಒಡೆಯುತ್ತವೆ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಮಾರಕ. ಜ್ವರಕ್ಕೆಂದು ಕೊಟ್ಟ ಅರ್ಧ ಪ್ಯಾರಾಸಿಟಮಾಲ್ ಮಾತ್ರೆಯೇ ಬೆಕ್ಕನ್ನು ಕೊಲ್ಲಬಲ್ಲದು. ಬೆಕ್ಕಿರುವ ಕೋಣೆಯನ್ನು ಫಿನಾಯಿಲಿನಿಂದ ಒರೆಸಬಾರದು, ಕರ್ಪೂರವನ್ನೂ ಇಡಬಾರದು.

ಈಗ ಮುಖ್ಯ ಮಾತಿಗೆ ಬರುತ್ತೇವೆ. "ಮರಿ ಕಚ್ಚಿದರೆ ಏನಾಗತೈತ್ರೀ, ಅದರ ಹಲ್ಲೇ ಬಲಿತಿಲ್ಲ" ಎನ್ನುವ ಮಾತನ್ನು ನಮ್ಮ ಚಿಕಿತ್ಸಾಲಯದಲ್ಲಿ ನಾವು ಕೇಳುತ್ತಲೇ ಇದ್ದೇವೆ. ಇದು ಅಪಾಯದ ನಂಬಿಕೆ. ರೇಬೀಸ್ ಎಳೆಯ ಮರಿಗೂ ತಗಲುತ್ತದೆ. ಹಿನ್ನೆಲೆ ತಿಳಿಯದ ಮರಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಖಾರದ ಪುಡಿ, ಸುಣ್ಣ, ಅರಿಶಿನ, ಸೊಪ್ಪಿನ ರಸ ಯಾವುದನ್ನೂ ಹಚ್ಚದೆ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಲಸಿಕೆಯ ಎಲ್ಲ ಸುತ್ತುಗಳನ್ನೂ ಹೇಳಿದ ದಿನಕ್ಕೇ ಪೂರೈಸಬೇಕು.

ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿರುವುದಕ್ಕೆ ಕೆಲವರಿಗೆ ಆಶ್ಚರ್ಯವಾದೀತು. ಸುಶ್ರುತ ಸಂಹಿತೆಯ ಕಲ್ಪಸ್ಥಾನವು ಹುಚ್ಚುನಾಯಿಯ ಕಡಿತವನ್ನು ವಿವರಿಸಿ, ಕಚ್ಚಿಸಿಕೊಂಡವನು ನೀರಿಗೆ ಹೆದರತೊಡಗಿದರೆ ಅದು ಮರಣದ ಸೂಚನೆಯೆಂದು ಎಣಿಸಿದೆ. ಆ ಲಕ್ಷಣಕ್ಕೆ ಜಲತ್ರಾಸ ಎಂದು ಹೆಸರು. ಅಂದಿನ ಆಚಾರ್ಯರು ಕಂಡ ಸತ್ಯ ಇಂದಿಗೂ ಬದಲಾಗಿಲ್ಲ. ಲಕ್ಷಣ ತೋರಿದ ಮೇಲೆ ಯಾವ ಪದ್ಧತಿಯಲ್ಲೂ ಖಚಿತ ಚಿಕಿತ್ಸೆಯಿಲ್ಲ. 1885ರಲ್ಲಿ ಲೂಯಿ ಪಾಶ್ಚರ್ ಮೊದಲ ಬಾರಿಗೆ ಮನುಷ್ಯನಿಗೆ ನೀಡಿದ ಲಸಿಕೆಯಿಂದ ದೊರೆತ ಲಾಭವೆಂದರೆ, ಲಕ್ಷಣ ತೋರುವ ಮೊದಲೇ ರೋಗವನ್ನು ತಡೆಯುವ ದಾರಿ. ಪದೇ ಪದೇ ಮರಿಗಳನ್ನಿರಿಸಿಕೊಳ್ಳುವ ಕುಟುಂಬದವರು ಮುಂಜಾಗ್ರತೆಯ ಲಸಿಕೆಯ ಕುರಿತು ವೈದ್ಯರನ್ನು ಮೊದಲೇ ಕೇಳುವುದು ಉತ್ತಮ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಹಿನ್ನೆಲೆ ತಿಳಿಯದ ಪ್ರಾಣಿಯನ್ನು ತರುವುದು ಬೇಡವೆಂದೇ ನಮ್ಮ ಅಭಿಪ್ರಾಯ. ಮಗು ಪರಚಿದ್ದನ್ನು ಹೇಳದೆ ಉಳಿಯಬಹುದು.

ಮರಿಗೆ ಎರಡು ವಾರ ತುಂಬಿದಾಗಿನಿಂದ ಜಂತಿನ ಔಷಧ, ಆರರಿಂದ ಎಂಟು ವಾರಕ್ಕೆ ಪಾರ್ವೊ ಮೊದಲಾದವುಗಳ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಆಗಬೇಕು. ಎಂಟು ವಾರದ ಮೊದಲು ಯಾರಿಗೂ ಕೊಡಬಾರದು. ಒಯ್ಯುವವರ ಮನೆಯನ್ನು ಒಮ್ಮೆ ನೋಡಿ ಬರಬೇಕು. ಹಗಲಿರುಳು ಸರಪಳಿಯಲ್ಲಿ ಕಟ್ಟುವವರಿಗೆ ಇಲ್ಲವೆನ್ನಬೇಕು. ರಾಮದುರ್ಗದಿಂದ ಮುಧೋಳ ದೂರವಲ್ಲವಾದ್ದರಿಂದ ಜಾತಿನಾಯಿ ಬೇಕೆನ್ನುವವರು ನಮ್ಮಲ್ಲಿ ಬಹಳ. ನಾಡಮರಿಯೂ ನಮ್ಮ ಹವೆಗೆ ಒಗ್ಗಿದ್ದು, ಕಾವಲಿಗೆ ಕಡಿಮೆಯದಲ್ಲ ಎಂದು ಅವರಿಗೆ ತಿಳಿಸಬೇಕು. ಹೆಣ್ಣುಮರಿಯಾದರೆ ಆರು ತಿಂಗಳ ಸುಮಾರಿಗೆ ಸಂತಾನಹರಣ ಮಾಡಿಸುವೆವೆಂಬ ಮಾತನ್ನು ಮೊದಲೇ ಪಡೆಯಬೇಕು. ಆ ಮಾತು ನಡೆದರೆ ಮುಂದಿನ ಚಳಿಗಾಲದ ಗೋಣಿಚೀಲವೊಂದು ಕಡಿಮೆಯಾಗುತ್ತದೆ.

ಕಳಿಸುವ ದಿನ ಲಸಿಕೆಯ ಚೀಟಿಯೊಡನೆ, ಅದು ಮಲಗುತ್ತಿದ್ದ ಹಳೆಯ ಬಟ್ಟೆಯ ತುಂಡನ್ನೂ ಕೊಡಬೇಕು. ಹೊಸ ಮನೆಯಲ್ಲಿ ಮೊದಲ ಎರಡು ಮೂರು ರಾತ್ರಿ ಪರಿಚಿತ ವಾಸನೆಯಿದ್ದರೆ ಮರಿ ಕಡಿಮೆ ಅಳುತ್ತದೆ.