ಮೇಘಮಲೆಯಲ್ಲಿ ಕ್ಯಾಮೆರಾದೊಡನೆ

ಫಾಲ್ಗುಣ ಕಳೆದು ಚೈತ್ರ ಹುಟ್ಟುವ ಹೊತ್ತಿಗೆ, ಮಳೆಕಾಡಿನ ಚಿತ್ರ ತೆಗೆಯಲೆಂದು ನಾವು ಕಂಬಂ ಕಣಿವೆಗೆ ಹೋಗಿದ್ದೆವು. ತೇನಿಯಲ್ಲಿ ಬಸ್ಸು ಬದಲಿಸಿ ಕಂಬಮಿನಲ್ಲಿ ಇಳಿದಾಗ ಸಂಜೆಯಾಗಿತ್ತು. ನಮಗಾಗಿ ಕಾದಿದ್ದ ಹಿರಿಯರು ಬೀದಿಯುದ್ದಕ್ಕೂ ಕಂಡವರೊಡನೆಲ್ಲ ತಮಿಳಿನಲ್ಲಿ ಮಾತನಾಡುತ್ತ ಬಂದರು. ಮನೆಯ ಹೊಸ್ತಿಲು ದಾಟಿದೊಡನೆ ಅವರ ಮಾತು ಕನ್ನಡಕ್ಕೆ ಹೊರಳಿತು.

ಅವರು ಕಪ್ಪಿಲಿಯರು. ದಿಂಡಿಗಲ್ ಕಡೆಯ ಅನುಪ್ಪರಂತೆ ಇವರ ಪೂರ್ವಿಕರೂ ಶತಮಾನಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ಇಲ್ಲಿ ಒಕ್ಕಲುತನಕ್ಕೆ ನಿಂತವರು. ಓದು ಬರಹವೆಲ್ಲ ತಮಿಳಿನಲ್ಲಿ. ಕನ್ನಡ ಬಾಯಿಂದ ಬಾಯಿಗೆ ಉಳಿದುಬಂದಿದೆ. ಕಂಬಮಿನಲ್ಲಿ ಇವರ ಕುಲಕ್ಕೆ ಸೇರಿದ ದೇವರ ದನಗಳ ಹಿಂಡೊಂದಿದೆ. ತಮಿಳರು ತಂಬಿರಾನ್ ಮಾಡು ಎನ್ನುವ ಈ ಹಿಂಡಿಗೆ ಇಪ್ಪತ್ತನೆಯ ಶತಮಾನದ ಆರಂಭದ ಗ್ಯಾಸೆಟಿಯರಿನಲ್ಲಿ ‘ದೇವರ ಆವು’ ಎಂಬ ಕನ್ನಡ ಹೆಸರೇ ದಾಖಲಾಗಿದೆ. ಹಿಂಡಿನ ಒಡೆಯ ‘ಪಟ್ಟದ ಆವು’. ಅದು ಸತ್ತರೆ ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನಿಟ್ಟು, ಮೊದಲು ಹತ್ತಿರ ಬಂದುದಕ್ಕೆ ಪಟ್ಟ ಕಟ್ಟುವರಂತೆ. (ಆವು ಎಂದರೆ ನಮಗೆ ಹಸು, ಅಲ್ಲಿ ಹೋರಿಗೂ ಅದೇ ಮಾತು.)

ರಾತ್ರಿ ಊಟಕ್ಕೆ ಕುಳಿತಾಗ ಹಿರಿಯರು ನಮ್ಮ ಅನುಮತಿ ಪತ್ರವನ್ನು ಕುರಿತು ಕೇಳಿದರು. ಮೇಘಮಲೆ 2009ರಲ್ಲಿ ಅಭಯಾರಣ್ಯವಾಯಿತು; 2021ರಲ್ಲಿ ಶ್ರೀವಿಲ್ಲಿಪುತ್ತೂರಿನ ಕಾಡಿನೊಡನೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಭಯಾರಣ್ಯದೊಳಗೆ ಛಾಯಾಚಿತ್ರ ತೆಗೆಯಲು ಅನುಮತಿ ನೀಡುವ ಅವಕಾಶ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿದೆ. ದನ ಮೇಯಿಸುವುದನ್ನಾದರೋ ಮದ್ರಾಸ್ ಉಚ್ಚ ನ್ಯಾಯಾಲಯ 2022ರಲ್ಲಿ ಇಂಥ ಕಾಡುಗಳಲ್ಲಿ ನಿಷೇಧಿಸಿತು. ಹಿಂಡುಗಳಿಂದ ಎಳೆಗಿಡಗಳಿಗೆ ಕೇಡು, ಕಾಡುಪ್ರಾಣಿಗಳಿಗೆ ರೋಗ ತಗಲುವ ಭಯ ಎಂಬ ಮಾತು ಸುಳ್ಳಲ್ಲ. ಆದರೂ ಹಿರಿಯರು ನಗುತ್ತ ಕೇಳಿದ್ದು ನಮ್ಮನ್ನು ನಾಟಿತು. ಅವರ ನುಡಿಯನ್ನು ನಮ್ಮ ಬರಹದ ಕನ್ನಡಕ್ಕೆ ತಂದರೆ ಹೀಗೆ: “ನಮ್ಮ ದನ ಹೋಗಬಾರದ ಕಾಡಿಗೆ ನಿಮ್ಮ ಪೆಟ್ಟಿಗೆ ಹೋಗುತ್ತದಯ್ಯಾ. ಅದು ಏನನ್ನೂ ಮೇಯುವುದಿಲ್ಲವೆ?”

ನಮಗೆ ಉತ್ತರ ಹೊಳೆಯಲಿಲ್ಲ. ಜೊತೆಗೆ ಬರುವಿರಾ ಎಂದು ಕೇಳಿದೆವು, ಒಪ್ಪಿದರು.

ಮರುದಿನ ಚಿನ್ನಮನೂರಿನಿಂದ ಬೆಟ್ಟ ಹತ್ತಿದೆವು. ಕೆಳಗೆ ಕಣಿವೆಯಲ್ಲಿ ಧಗೆ. 1,500 ಮೀಟರಿನ ಸುಮಾರಿಗೆ ಮೋಡವೇ ಬಂದು ಮೈಗೆ ತಾಗಿತು. ಚಹಾ ತೋಟಗಳ ಅಂಚು ಮುಗಿದಲ್ಲಿ ಕಾಡು ತೊಡಗುತ್ತದೆ. ಇಂಥ ಕಾಡಿನ ನೆಲಕ್ಕೆ ಮುಟ್ಟುವ ಬೆಳಕು ಬಯಲಿನದರ ನೂರರಲ್ಲಿ ಒಂದೆರಡು ಪಾಲು ಮಾತ್ರ. ಹಿಂದೆ 64ರ ಕೊಡಕ್ರೋಮ್ ಫಿಲ್ಮು ತುಂಬಿಕೊಂಡು ಬಂದವರು ಮುಕ್ಕಾಲಿ ನಿಲ್ಲಿಸಿ ಅರ್ಧ ಸೆಕೆಂಡು, ಒಂದು ಸೆಕೆಂಡು ಬೆಳಕು ಕೊಡಬೇಕಿತ್ತು. ಅಷ್ಟರಲ್ಲಿ ಎಲೆ ಅಲುಗಿದರೆ ಚಿತ್ರ ಕೆಟ್ಟಂತೆ. ಇಂದಿನ ಡಿಜಿಟಲ್ ಕ್ಯಾಮೆರಾವನ್ನು 3200ಕ್ಕೋ 6400ಕ್ಕೋ ತಿರುಗಿಸಿ ಕೈಯಲ್ಲಿ ಹಿಡಿದೇ ತೆಗೆಯಬಹುದು. ಸೌಕರ್ಯ ಹೆಚ್ಚಿದಷ್ಟೂ ಇನ್ನೂ ಹತ್ತಿರ ಹೋಗುವ ಆಸೆ ಹೆಚ್ಚುವುದು ನಮ್ಮ ಅನುಭವ.

ತಮಿಳರು ವೆಡಿಪಲಾ ಎನ್ನುವ ಮರಗಳ ಕೊಂಬೆಗಳಿಗೆ ಹೂಗೊಂಚಲುಗಳು ಮೆತ್ತಿಕೊಂಡಿದ್ದವು. ಸಿಂಗಳೀಕಗಳ ಗುಂಪೊಂದು ಹೂ ಕಿತ್ತು ತಿನ್ನುತ್ತಿತ್ತು. ಹಿಂದೆ ಬೆಳ್ಳನೆಯ ಆಕಾಶ, ಮುಂದೆ ಕಪ್ಪು ಪ್ರಾಣಿ. ನಲವತ್ತು ಬಾರಿ ಗುಂಡಿಯೊತ್ತಿ ಮೂರು ಚಿತ್ರ ಉಳಿಸಿಕೊಂಡೆವು. ಈ ಬೆಟ್ಟದಲ್ಲಿ ಕಣ್ಣು ಮೋಸಹೋಗುವುದು ಹೊಸತೇನಲ್ಲ. 1948ರಲ್ಲಿ ಆಂಗಸ್ ಹಟನ್ ಇಲ್ಲಿ ಹಿಡಿದ ಬಾವಲಿಯೊಂದು ಸಾಮಾನ್ಯ ಜಾತಿಯದೆಂಬ ಹೆಸರಿನಲ್ಲಿ ಮುಂಬಯಿಯ ಸಂಗ್ರಹದಲ್ಲಿ ಬಿದ್ದಿತ್ತು. ಅದು ಬೇರೊಂದು ಕುಲದ್ದೆಂದು ಗುರುತಿಸಿ ಸಲೀಂ ಅಲಿಯವರ ಹೆಸರಿಟ್ಟದ್ದು 1972ರಲ್ಲಿ.

ಮೂರನೆಯ ದಿನ ಬೆಳಗ್ಗೆ, ಜೊತೆಗಿದ್ದ ಅರಣ್ಯ ಕಾವಲುಗಾರ ಎತ್ತರದ ಮರವೊಂದರ ಪೊಟರೆಯನ್ನು ತೋರಿಸಿದ. ದೊಡ್ಡ ಮಂಗಟ್ಟೆಯ ಗೂಡು. ಹೆಣ್ಣು ಪೊಟರೆಯೊಳಗೆ ಹೊಕ್ಕು, ಬಾಯನ್ನು ಹಿಕ್ಕೆ ಮತ್ತು ಹಣ್ಣಿನ ಚರಟದಿಂದ ಮೆತ್ತಿ, ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ; ಬೇಡವೆಂದರೂ ಹಾರಲಾರದು. ತಿಂಗಳುಗಟ್ಟಲೆ ಗಂಡು ಅತ್ತಿ, ಆಲದ ಜಾತಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಸೀಳಿನಲ್ಲಿ ಉಣಿಸಬೇಕು. ಆ ಉಣಿಸುವ ಕ್ಷಣಕ್ಕಾಗಿಯೇ ನಾವು ಇಷ್ಟು ದೂರ ಬಂದಿದ್ದೆವು.

ಮುಕ್ಕಾಲಿ ನಿಲ್ಲಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಗಂಡು ಬಂದಿತು, ನಮ್ಮನ್ನು ಕಂಡು ದೂರದ ಕೊಂಬೆಯಲ್ಲಿ ಕುಳಿತು ಕತ್ತು ಓರೆ ಮಾಡಿ ನೋಡಿತು, ಹಾರಿಹೋಯಿತು. ಇನ್ನಷ್ಟು ಮರೆಗೆ ಸರಿದೆವು. ಮತ್ತೆ ಬಂದಿತು, ಮತ್ತೆ ಹೋಯಿತು. ಗಂಟೆಯೊಂದು ಕಳೆಯಿತು. ಸೀಳಿನಲ್ಲಿ ಹಳದಿಯ ಕೊಕ್ಕಿನ ತುದಿ ಎರಡು ಬಾರಿ ಕಾಣಿಸಿ ಒಳಗೆಳೆದುಕೊಂಡಿತು. ಇನ್ನು ಹತ್ತು ನಿಮಿಷ, ಎಂದು ನಾವು ಪಿಸುಗುಟ್ಟಿದೆವು. ಹಿರಿಯರು ನಮ್ಮನ್ನೂ ನೋಡಲಿಲ್ಲ, ಹಕ್ಕಿಯನ್ನೂ ನೋಡಲಿಲ್ಲ. ಆ ಸೀಳನ್ನೇ ನೋಡುತ್ತ ಕುಳಿತಿದ್ದರು. ಊಟದ ಹೊತ್ತಿನ ಅವರ ಪ್ರಶ್ನೆ ನಮಗಾಗ ನೆನಪಾಯಿತು.

ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಮುಕ್ಕಾಲಿ ಮಡಚಿದೆವು. ತಿರುವು ದಾಟಿ ಇನ್ನೂರು ಹೆಜ್ಜೆ ಇಳಿದಿರಬಹುದು, ಉಗಿಬಂಡಿ ಹೊರಟಂಥ ರೆಕ್ಕೆಯ ಸದ್ದು ನಮ್ಮ ತಲೆಯ ಮೇಲಿಂದ ಮರದತ್ತ ಸಾಗಿತು. ಹಿರಿಯರು ನಿಂತು ಕಿವಿಗೊಟ್ಟರು.

“ಉಣ್ಣಲಿ,” ಎಂದರು.