ಬಟ್ಟೆ ಒಳ್ಳೇದೋ, ಡೈಪರ್ ಒಳ್ಳೇದೋ? ಮೊದಲು ಗಡಿಯಾರ ನೋಡಿ

ಕೂಸು ಬಿಡದೆ ಅಳತೊಡಗಿದರೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೊಳೆಯುತ್ತದೆ. ಹಸಿವು ಅನ್ನುವವರು ಒಬ್ಬರು, ಹೊಟ್ಟೆನೋವು ಅನ್ನುವವರು ಇನ್ನೊಬ್ಬರು, ದೃಷ್ಟಿ ಆಗಿದೆ ಅಂತ ಉಪ್ಪು-ಮೆಣಸಿನಕಾಯಿ ನಿವಾಳಿಸುವವರು ಮತ್ತೊಬ್ಬರು. ಚಡ್ಡಿ ಬಿಚ್ಚಿ ನೋಡುವುದು ಮಾತ್ರ ಎಲ್ಲಕ್ಕಿಂತ ಕೊನೆಗೆ. ಬಿಚ್ಚಿದರೆ ಕುಂಡಿ, ತೊಡೆ, ಕಿಬ್ಬೊಟ್ಟೆಯ ಕೆಳಗೆಲ್ಲ ಕೆಂಪಗಾಗಿರುತ್ತದೆ, ಮುಟ್ಟಿದರೆ ಕೂಸು ಕಾಲು ಝಾಡಿಸುತ್ತದೆ. ಇದೇ ಡೈಪರ್ ರ‍್ಯಾಶ್. ಹೆಸರಿನಲ್ಲಿ ಡೈಪರ್ ಇದ್ದರೂ ಬಟ್ಟೆ ಕಟ್ಟುವ ಮಕ್ಕಳಿಗೂ ಬರುತ್ತದೆ.

ನಾನು ಡಾಕ್ಟರ್ ಅಲ್ಲ, ಬೆಂಗಳೂರಿನಲ್ಲಿ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್. ತವರುಮನೆ ಗದಗ ಹತ್ತಿರದ ಅಸುಂಡಿ. ಬಾಣಂತನಕ್ಕೆ ಬಂದವಳು, ರಜೆ ಮುಗಿದ ಮೇಲೂ ಇಲ್ಲಿಂದಲೇ ಕೆಲಸ ಮಾಡುತ್ತಾ ಮಗಳಿಗೆ ಎಂಟು ತಿಂಗಳಾಗುವವರೆಗೆ ಉಳಿದೆ. ಆ ತಿಂಗಳುಗಳಲ್ಲಿ ನಮ್ಮ ಮನೆಯ ದೊಡ್ಡ ವಾದ ರಾಜಕೀಯದ್ದಲ್ಲ, ಚಡ್ಡಿಯದ್ದು. "ಅದನ್ನ ಕಟ್ಟಿ ಕಟ್ಟಿ ಕೂಸಿನ ಮೈ ಬೇಯಿಸಾಕತ್ತೀರಿ ನೀವು" ಅಂತ ಆಯಿ. "ರಾತ್ರಿ ನಾಕ ಸಲ ಎದ್ದು ಅರಬಿ ಬದಲಿ ಮಾಡಾವ್ರು ಯಾರು?" ಅಂತ ಅವ್ವ. ಇಬ್ಬರದೂ ಅರ್ಧರ್ಧ ಸರಿ ಅಂತ ಈಗ ನನಗೆ ಅನಿಸುತ್ತದೆ. ಯಾಕೆ ಅಂತ ಹೇಳ್ತೀನಿ.

ಚರ್ಮ ಕೆಂಪಾಗುವುದು ಯಾಕೆ?

ತುಂಬಾ ಹೊತ್ತು ನೀರಲ್ಲಿ ಕೈ ಇಟ್ಟರೆ ಬೆರಳಿನ ತುದಿ ನೆನೆದು ಸುಕ್ಕಾಗುತ್ತದಲ್ಲ, ಹಸಿ ಚಡ್ಡಿಯೊಳಗೂ ಕೂಸಿನ ಚರ್ಮ ಹಾಗೇ ನೆನೆದು ಮೆತ್ತಗಾಗುತ್ತದೆ. ನೆನೆದ ಚರ್ಮಕ್ಕೆ ಬಟ್ಟೆಯ ಅಂಚು ತಿಕ್ಕಿದರೂ ಸಾಕು, ತರಚುತ್ತದೆ. ಇದರ ಮೇಲೆ ಉಚ್ಚೆ ಮತ್ತು ಕಕ್ಕ ಸೇರಿದರೆ ಇನ್ನೊಂದು ಕೆಲಸ ನಡೆಯುತ್ತದೆ. ನಮ್ಮ ಚರ್ಮದ ಮೇಲ್ಮೈ ಸಹಜವಾಗಿ ಸ್ವಲ್ಪ ಆಮ್ಲೀಯ, ಅದೇ ಅದಕ್ಕೆ ಕಾವಲು. ಕಕ್ಕದಲ್ಲಿರುವ ಬ್ಯಾಕ್ಟೀರಿಯಾ ಉಚ್ಚೆಯಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಆಮ್ಲೀಯತೆ ಕಡಿಮೆಯಾಗುತ್ತದೆ. ಆಗ ಕಕ್ಕದಲ್ಲಿರುವ ಜೀರ್ಣರಸದ ಕಿಣ್ವಗಳು ಚುರುಕಾಗಿ, ಅನ್ನ ಕರಗಿಸುವ ಹಾಗೆ ಚರ್ಮವನ್ನೇ ಕೆರಳಿಸುತ್ತವೆ. ಭೇದಿ ಆದಾಗ ಒಂದೇ ದಿನದಲ್ಲಿ ಕೆಂಪಾಗುವುದಕ್ಕೆ ಇದೇ ಕಾರಣ.

ಅಂದರೆ ಬೇಕಾದವು ಮೂರು: ಹಸಿ, ತಿಕ್ಕಾಟ, ಕಕ್ಕ. ಮೂರಕ್ಕೂ ಬಲ ಕೊಡುವುದು ಒಂದೇ, ಹೊತ್ತು. ಹತ್ತು ನಿಮಿಷದಲ್ಲಿ ಏನೂ ಆಗುವುದಿಲ್ಲ, ನಾಲ್ಕು ಗಂಟೆಯಲ್ಲಿ ಆಗುತ್ತದೆ.

ಬಟ್ಟೆಯೋ, ಡೈಪರೋ?

ಆಯಿ ಕಟ್ಟುತ್ತಿದ್ದದ್ದು ಹಳೇ ಧೋತರ, ಸವೆದ ಕಾಟನ್ ಸೀರೆಯ ತುಂಡು. ನೂರು ಸಲ ಒಗೆದ ಬಟ್ಟೆ ಅದು, ಹೊಸ ಬಟ್ಟೆಗಿಂತ ಮೆತ್ತಗೆ. ಗಾಳಿ ಆಡುತ್ತದೆ, ಹಸಿಯಾದ ಕೂಡಲೇ ಎತ್ತಿಕೊಂಡವರ ಮಡಿಲೂ ಹಸಿ, ಹಾಗಾಗಿ ತಕ್ಷಣ ಗೊತ್ತಾಗುತ್ತದೆ. ಆದರೆ ಬಟ್ಟೆ ಉಚ್ಚೆಯನ್ನು ಚರ್ಮಕ್ಕೆ ಒತ್ತಿಯೇ ಹಿಡಿದಿರುತ್ತದೆ. ಬದಲಿಸದಿದ್ದರೆ ಕೂಸು ಹಸಿಯಲ್ಲೇ ಮಲಗಿರುತ್ತದೆ. ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿದರಂತೂ ಕೇಳುವುದೇ ಬೇಡ, ಹಾಸಿಗೆ ಒಣಗಿರುತ್ತದೆ, ಕೂಸು ಬೇಯುತ್ತದೆ.

ಈ ಪ್ಲಾಸ್ಟಿಕ್ ಚಡ್ಡಿಯ ಕಷ್ಟ ನಮ್ಮದಷ್ಟೇ ಅಲ್ಲ. ಅಮೆರಿಕದಲ್ಲಿ ಮರಿಯನ್ ಡೊನೊವನ್ ಎಂಬ ತಾಯಿ 1940ರ ದಶಕದಲ್ಲಿ, ಅಲ್ಲಿ ಬಳಕೆಯಲ್ಲಿದ್ದ ರಬ್ಬರ್ ಚಡ್ಡಿಗಳಿಂದ ಬೇಸತ್ತು, ಬಚ್ಚಲುಮನೆಯ ಪರದೆಯನ್ನೇ ಕತ್ತರಿಸಿ ಹೊಲಿದು ಸೋರದ ಹೊಸ ಹೊದಿಕೆ ಮಾಡಿದಳು. 1961ರಲ್ಲಿ ಬಿಸಾಡುವ ಪ್ಯಾಂಪರ್ಸ್ ಮಾರುಕಟ್ಟೆಗೆ ಬಂತು. 1980ರ ದಶಕದಲ್ಲಿ ಡೈಪರಿನೊಳಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪುಡಿ ಸೇರಿತು. ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರಿ ಲೋಳೆಯಾಗುವ ಪುಡಿ ಇದು. ಹಾಗಾಗಿ ಈಗಿನ ಡೈಪರಿನಲ್ಲಿ ಉಚ್ಚೆಯ ಮಟ್ಟಿಗೆ ಚರ್ಮ ಬಟ್ಟೆಗಿಂತ ಒಣಗಿಯೇ ಇರುತ್ತದೆ. ಆದರೆ ಆ ಪುಡಿ ಕಕ್ಕವನ್ನು ಹೀರುವುದಿಲ್ಲ. ಮೇಲೆ ಮುಟ್ಟಿದರೆ ಒಣ ಅನಿಸುವುದರಿಂದ ಒಳಗೆ ಕಕ್ಕ ಇದ್ದರೂ ನಾವು ಐದು ಗಂಟೆ ಬಿಟ್ಟುಬಿಡುತ್ತೇವೆ.

ಆಫೀಸಿನಲ್ಲಿ ತೊಂದರೆ ಎಲ್ಲಿದೆ ಅಂತ ಗೊತ್ತಾಗದಿದ್ದರೆ ನಾವು ಮೊದಲು ಮಾಡುವುದು ದಾಖಲೆ ಇಡುವುದು. ಮನೆಯಲ್ಲೂ ಅದನ್ನೇ ಮಾಡಿದೆ. ಒಂದು ವಾರ ಕ್ಯಾಲೆಂಡರ್ ಪಕ್ಕ ಹಾಳೆ ಅಂಟಿಸಿ, ಯಾರು ಬದಲಿಸಿದರೂ ಹೊತ್ತು ಬರೆಯಬೇಕು ಅಂದೆ. ಆಯಿಗೆ ಬರೆಯಲು ಬರುವುದಿಲ್ಲ, ಆಕೆ ಗೀಟು ಹಾಕುತ್ತಿದ್ದಳು. ವಾರದ ಕೊನೆಗೆ ನೋಡಿದರೆ ಹಗಲು ಬಟ್ಟೆಯೇ ಗೆದ್ದಿತ್ತು. ಮಡಿಲಲ್ಲೇ ಇರುವ ಕೂಸಿಗೆ ಹಸಿಯಾದ ಐದು ನಿಮಿಷಕ್ಕೆ ಬದಲಾಗುತ್ತಿತ್ತು. ರಾತ್ರಿ ಡೈಪರ್ ಗೆದ್ದಿತ್ತು, ಯಾಕಂದ್ರೆ ಬಟ್ಟೆ ಕಟ್ಟಿದ ರಾತ್ರಿ ಬೆಳಗಿನ ಜಾವ ಮೂರು ತಾಸು ಹಸಿಯಲ್ಲೇ ಕಳೆದಿತ್ತು. ಅಲ್ಲಿಗೆ ವಾದ ಮುಗೀತು: ಹಗಲು ಅರಬಿ, ರಾತ್ರಿ ಮತ್ತು ಗದಗಕ್ಕೆ ಹೋಗುವಾಗ ಡೈಪರ್. ಎರಡು-ಮೂರು ಗಂಟೆಗೊಮ್ಮೆ ನೋಡುವುದು, ಕಕ್ಕ ಆದರೆ ಹೊತ್ತು ನೋಡದೆ ಬದಲಿಸುವುದು.

ಬಟ್ಟೆ ಒಗೆಯುವವರಿಗೆ ಒಂದು ಮಾತು

ನಮ್ಮ ಕಡೆ ಬೋರ್‌ವೆಲ್ ನೀರು ಗಡುಸು. ಗಡುಸು ನೀರಲ್ಲಿ ಸಾಬೂನು ನೊರೆ ಬರದೆ ಬಿಳಿ ಗಸಿಯಾಗಿ ಬಟ್ಟೆಯಲ್ಲೇ ಉಳಿಯುತ್ತದೆ. ನೀರಿನ ಕೊರತೆ ಇದ್ದಾಗ ಒಂದೇ ಬಕೆಟ್ಟಿನಲ್ಲಿ ಎಲ್ಲ ಜಾಲಿಸಿ ಹಾಕುತ್ತೇವೆ. ಆ ಉಳಿದ ಸಾಬೂನೇ ಕೂಸಿನ ಚರ್ಮವನ್ನು ಕೆರಳಿಸಬಹುದು. ಸೋಪಿನ ಪುಡಿ ಕಡಿಮೆ ಹಾಕಿ, ಕೊನೆಯ ಎರಡು ಸಲ ಬರೀ ನೀರಲ್ಲಿ ಜಾಲಿಸಿ. ಡೆಟಾಲ್, ಪರಿಮಳದ ದ್ರಾವಣ ಬೇಡ. ಒಣಗಿಸಲು ನಮ್ಮ ಬಿಸಿಲಿಗಿಂತ ಬೇರೆ ಮಶೀನು ಬೇಕೇ? ಅರೆ ಒಣಗಿದ್ದನ್ನು ಮಾತ್ರ ಕಟ್ಟಬೇಡಿ.

ಕೆಂಪಾದಾಗ ಮೊದಲ ಮೂರು ದಿನ

ನನ್ನ ಮಗಳಿಗೆ ಇದು ಜೋರಾಗಿ ಬಂದದ್ದು ಏಳನೇ ತಿಂಗಳಲ್ಲಿ, ಏಪ್ರಿಲ್ ಬಿಸಿಲಲ್ಲಿ, ಎರಡು ದಿನ ಭೇದಿ ಆದ ಮೇಲೆ. ಮಕ್ಕಳ ಡಾಕ್ಟರ್ ಹೇಳಿ ನಾವು ಮಾಡಿದ್ದು ಇಷ್ಟು.

ಉಗುರುಬೆಚ್ಚನೆ ನೀರು, ಮೆತ್ತನೆ ಬಟ್ಟೆ ಅಥವಾ ಹತ್ತಿಯಿಂದ ತೊಳೆಯುವುದು. ಹೆಣ್ಣು ಕೂಸಾದರೆ ಮುಂದಿನಿಂದ ಹಿಂದಕ್ಕೆ. ಪರಿಮಳದ ವೈಪ್ಸ್ ಆ ಕೆಲವು ದಿನ ಬೇಡ. ತಿಕ್ಕಿ ಒರೆಸದೆ ಒತ್ತಿ ಒತ್ತಿ ಒಣಗಿಸುವುದು.

ಬರಿಮೈಯಲ್ಲಿ ಬಿಡುವುದು. ಕೌದಿಯ ಮೇಲೆ ಹಳೇ ಬಟ್ಟೆ ಹಾಸಿ, ದಿನಕ್ಕೆ ಮೂರ್ನಾಲ್ಕು ಸಲ ಹದಿನೈದಿಪ್ಪತ್ತು ನಿಮಿಷ. ಇದಕ್ಕೆ ದುಡ್ಡಿಲ್ಲ, ಇದರಷ್ಟು ಒಳ್ಳೆಯದೂ ಇಲ್ಲ.

ಚರ್ಮ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಮುಲಾಮು ಅಥವಾ ಬಿಳಿ ವ್ಯಾಸಲೀನ್ ದಪ್ಪಗೆ ಹಚ್ಚುವುದು. ತೆಳ್ಳಗೆ ಸವರಿದರೆ ಸಾಲದು, ಹಸಿಗೂ ಚರ್ಮಕ್ಕೂ ನಡುವೆ ಗೋಡೆ ನಿಲ್ಲಬೇಕು. ಮುಂದಿನ ಸಲ ಬದಲಿಸುವಾಗ ಕೊಳೆಯಾದ ಮೇಲ್ಪದರ ಮಾತ್ರ ತೆಗೆಯಿರಿ. ಮುಲಾಮು ಪೂರ್ತಿ ಹೋಗಲಿ ಅಂತ ಉಜ್ಜಿದರೆ ಚರ್ಮವೂ ಹೋಗುತ್ತದೆ.

ಎಣ್ಣೆ-ನೀರು ನಿಲ್ಲಿಸಬೇಕಿಲ್ಲ. ಆದರೆ ಕೆಂಪಾದ ಜಾಗಕ್ಕೆ ಕಡಲೆಹಿಟ್ಟು, ಅರಿಶಿನ, ಸಾಬೂನು ಬೇಡ. ಪೌಡರ್ ಅಂತೂ ಬೇಡವೇ ಬೇಡ. ಟಾಲ್ಕಂ ಪುಡಿ ಉಸಿರಿನೊಂದಿಗೆ ಕೂಸಿನ ಪುಪ್ಪುಸಕ್ಕೆ ಹೋಗಬಹುದು, ಹಸಿಯಾದ ಸಂದಿಯಲ್ಲಿ ಗಂಟುಗಟ್ಟಿ ತಿಕ್ಕುತ್ತದೆ. ನಮ್ಮ ಮನೆಯಲ್ಲಿ ಮೂರನೇ ದಿನಕ್ಕೆ ಕೆಂಪು ಇಳಿಯಿತು.

ಆ ಟ್ಯೂಬ್ ಬೇಡ

ಎರಡನೇ ದಿನ ಪಕ್ಕದ ಮನೆಯ ಕಾಕು ಪ್ರೀತಿಯಿಂದ ಒಂದು ಟ್ಯೂಬ್ ತಂದುಕೊಟ್ಟಳು. "ನಮ್ಮ ಮೊಮ್ಮಗಗ ಒಂದ ದಿನದಾಗ ಕಡಿಮಿ ಆತು ನೋಡವ್ವಾ." ಕಾಕು ಸುಳ್ಳು ಹೇಳಲಿಲ್ಲ, ಒಂದು ದಿನದಲ್ಲಿ ಕೆಂಪು ಇಳಿದೇ ಇಳಿಯುತ್ತದೆ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲೊಬೆಟಾಸಾಲ್ ಅಂತ ಇತ್ತು. ಅದು ಅತಿ ಪ್ರಬಲ ಸ್ಟೀರಾಯ್ಡ್. ಗಜಕರ್ಣಕ್ಕೆ, ತುರಿಕೆಗೆ ಅಂತ ಮನೆಮನೆಯಲ್ಲಿ ಇರುವ ಮೂರು-ನಾಲ್ಕು ಔಷಧಿ ಬೆರೆಸಿದ ಮುಲಾಮುಗಳಲ್ಲಿ ಇದೋ, ಬೀಟಾಮೆಥಾಸೋನೋ ಇರುತ್ತದೆ.

ಕೂಸಿನ ಚರ್ಮ ತೆಳು. ಚಡ್ಡಿಯಿಂದ ಮುಚ್ಚಿದಾಗ ಔಷಧಿ ಇನ್ನೂ ಜಾಸ್ತಿ ಒಳಗೆ ಇಳಿಯುತ್ತದೆ. ಹೀಗೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಫಂಗಸ್ ಅಡಗಿ ಹಬ್ಬುತ್ತದೆ, ದೇಹ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್ ಹಾರ್ಮೋನೂ ಕುಗ್ಗಬಹುದು. ಮುಖ ಊದಿಕೊಂಡು ಕೂಸು ಗುಂಡಗಾದರೆ ನಾವು ಮೈ ತುಂಬಿತು ಅಂತ ಖುಷಿಪಡುತ್ತೇವೆ, ಅದು ಔಷಧಿಯ ಅಡ್ಡಪರಿಣಾಮವೂ ಆಗಿರಬಹುದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಇಲ್ಲದೆ ಮನೆಗೆ ಬಂದ ಟ್ಯೂಬ್ ಕೂಸಿನ ಹತ್ತಿರ ಬರಬಾರದು ಅಂತ ನಾವೇ ನಿಯಮ ಮಾಡಿಕೊಂಡರೆ ಒಳ್ಳೆಯದು.

ಡಾಕ್ಟರ್ ಹತ್ತಿರ ಯಾವಾಗ?

ಸಾಮಾನ್ಯ ರ‍್ಯಾಶ್ ಉಬ್ಬಿದ ಜಾಗದಲ್ಲಿ ಇರುತ್ತದೆ, ತೊಡೆಯ ಸಂದಿಯ ಮಡಿಕೆ ಮಾತ್ರ ಚೆನ್ನಾಗಿರುತ್ತದೆ. ಮಡಿಕೆಯೊಳಗೇ ಗಾಢ ಕೆಂಪಾಗಿ, ಸುತ್ತ ಸಣ್ಣ ಸಣ್ಣ ಕೆಂಪು ಗುಳ್ಳೆ ಚೆಲ್ಲಿದ ಹಾಗಿದ್ದರೆ ಅದು ಕ್ಯಾಂಡಿಡಾ ಎಂಬ ಫಂಗಸ್ ಇರಬಹುದು. ಆ್ಯಂಟಿಬಯೋಟಿಕ್ ಕೊಟ್ಟ ನಂತರ ಇದು ಹೆಚ್ಚು. ಬಾಯಲ್ಲೂ ಬಿಳಿ ಪದರ ಕಾಣಬಹುದು. ಬರೀ ಜಿಂಕ್ ಮುಲಾಮಿಗೆ ಇದು ಹೋಗುವುದಿಲ್ಲ, ಬೇರೆ ಔಷಧಿ ಬೇಕು. ಕೀವು, ನೀರುಗುಳ್ಳೆ, ರಕ್ತ, ಜ್ವರ ಇದ್ದರೆ, ಕೂಸು ಹಾಲು ಬಿಟ್ಟರೆ, ಬಾಯಿ ಸುತ್ತ ಅಥವಾ ಮೈಮೇಲೆ ಬೇರೆ ಕಡೆಯೂ ಎದ್ದರೆ, ಎರಡು-ಮೂರು ದಿನದಲ್ಲಿ ಇಳಿಯದಿದ್ದರೆ ಕಾಯಬೇಡಿ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು ಹೆರಿಗೆಯಾದ 42 ದಿನದವರೆಗೆ ಹಲವು ಸಲ ಮನೆಗೆ ಬಂದು ಕೂಸನ್ನು ನೋಡುತ್ತಾರೆ. ನಾಚಿಕೆ ಬಿಟ್ಟು ಬಟ್ಟೆ ಬಿಚ್ಚಿ ತೋರಿಸಿ.

ಆರು ತಿಂಗಳಾದ ಮೇಲೆ ಹೆಚ್ಚು ಎಚ್ಚರ

ಈ ರ‍್ಯಾಶ್ ಅತಿ ಹೆಚ್ಚು ಕಾಣುವುದು ಒಂಬತ್ತರಿಂದ ಹನ್ನೆರಡು ತಿಂಗಳ ಮಕ್ಕಳಲ್ಲಿ. ಎದೆಹಾಲಷ್ಟೇ ಕುಡಿಯುವ ಕೂಸಿನ ಕಕ್ಕ ಚರ್ಮವನ್ನು ಕಡಿಮೆ ಕೆರಳಿಸುತ್ತದೆ. ಆರು ತಿಂಗಳಿಗೆ ಗಂಜಿ, ಬೇಳೆ, ಹಣ್ಣು ಶುರುವಾದಾಗ ಅದು ಬದಲಾಗುತ್ತದೆ. ನಮ್ಮಂಥ ಕೆಲಸಕ್ಕೆ ಹೋಗುವ ತಾಯಂದಿರ 26 ವಾರದ ಹೆರಿಗೆ ರಜೆ ಮುಗಿಯುವುದೂ ಸರಿಯಾಗಿ ಆಗಲೇ. ಅಂದರೆ ಕೂಸಿನ ಚರ್ಮಕ್ಕೆ ಹೆಚ್ಚು ನಿಗಾ ಬೇಕಾದ ಹೊತ್ತಿಗೆ ಬದಲಿಸುವ ಕೈ ಬೇರೆಯವರದಾಗುತ್ತದೆ.

ಅದಕ್ಕೇ ಈ ಕೆಲಸ ತಾಯಿ ಒಬ್ಬಳಿಗೇ ಗೊತ್ತಿದ್ದರೆ ಸಾಲದು. ಅಜ್ಜ-ಅಜ್ಜಿ, ಡೇ ಕೇರಿನವರು, ಎಲ್ಲರಿಗಿಂತ ಮೊದಲು ಅಪ್ಪ, ಎಲ್ಲರೂ ಕಲಿಯಲಿ. ನನ್ನ ಗಂಡ ಶನಿವಾರ ಅಸುಂಡಿಗೆ ಬಂದಾಗಲೆಲ್ಲ ಆಯಿ ಕೂಸನ್ನು ಅವರ ಕೈಗೆ ಕೊಟ್ಟು, "ನೋಡ್ರಿ, ಅಳಿಯಂದ್ರ, ಹಸಿ ಆಗೇತೇನು?" ಅನ್ನುತ್ತಿದ್ದಳು. ಮೊದಲ ವಾರ ಅವರು ಗಾಬರಿಯಾಗಿ ನನ್ನ ಕಡೆ ನೋಡಿದರು. ಮೂರನೇ ವಾರದಿಂದ ಹಾಳೆಯ ಮೇಲೆ ಅವರ ಗೀಟುಗಳೂ ಬಿದ್ದವು. ನಿಮ್ಮ ಮನೆಯಲ್ಲೂ ಒಂದು ಹಾಳೆ ಅಂಟಿಸಿ ನೋಡಿ. ಒಂದು ವಾರ ಸಾಕು, ಹೊತ್ತು ಎಲ್ಲಿ ಜಾರುತ್ತಿದೆ ಅಂತ ತಾನಾಗೇ ಗೊತ್ತಾಗುತ್ತದೆ.