ಜೋಡಿ ದುರ್ಬೀನೂ ಕಣ್ಣುಗಳ ಅಂತರವೂ

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ದುರ್ಬೀನನ್ನು ಕುರಿತ ಲೇಖನವೇಕೆಂದು ವಾಚಕರು ಕೇಳಬಹುದು. ದೇವಾಲಯಗಳ ಶಿಖರ, ಗೋಪುರ, ಛಾವಣಿಗಳ ಶಿಲ್ಪವನ್ನು ನೆಲದ ಮೇಲೆ ನಿಂತು ಅಭ್ಯಾಸ ಮಾಡುವವರಿಗೆ ಜೋಡಿ ದುರ್ಬೀನು, ಎಂದರೆ ಬೈನಾಕ್ಯುಲರ್, ಅಳತೆಯ ಪಟ್ಟಿಯಷ್ಟೇ ಅವಶ್ಯಕವಾದ ಉಪಕರಣ. ಆದರೆ ಅದು ಎಲ್ಲರ ಕಣ್ಣಿಗೂ ಒಂದೇ ರೀತಿಯಾಗಿ ಹೊಂದುವುದಿಲ್ಲವೆಂಬ ಸಂಗತಿ ನಮಗೆ ತಿಳಿದುಬಂದದ್ದು ನಮ್ಮಿಂದಲೇ ಆದ ಒಂದು ತಪ್ಪಿನ ಮೂಲಕ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಹಂಪೆಗೆ ಹೋಗಿದ್ದೆವು. ವಿರೂಪಾಕ್ಷ ದೇವಾಲಯದ ಪೂರ್ವದ ಮಹಾಗೋಪುರದ ಮೇಲಿನ ಅಂತಸ್ತುಗಳಲ್ಲಿರುವ ಗಾರೆಯ ಪ್ರತಿಮೆಗಳನ್ನು ನೋಡಿ ಪಟ್ಟಿಮಾಡಬೇಕೆಂಬುದು ಅಂದಿನ ಅಭ್ಯಾಸ. ಒಬ್ಬ ವಿದ್ಯಾರ್ಥಿ ಮಾತ್ರ ದುರ್ಬೀನಿನಲ್ಲಿ ತನಗೆ ಕಪ್ಪು ನೆರಳಲ್ಲದೆ ಬೇರೇನೂ ಕಾಣುವುದಿಲ್ಲವೆಂದನು. ಇತರರಿಗೆಲ್ಲ ಕಾಣುವುದು ಇವನಿಗೇಕೆ ಕಾಣದೆಂದು ನಾವು ಅವನನ್ನು ಅಲಕ್ಷ್ಯಗಾರನೆಂದೇ ಎಣಿಸಿದೆವು. ಬರಿದಾಗಿದ್ದ ಅವನ ಪಟ್ಟಿಗೆ ಅಂಕಗಳನ್ನೂ ಕಡಮೆ ಕೊಟ್ಟೆವು. ಮುಂದೆ ಅವನು ಕನ್ನಡಕ ಮಾಡಿಸಲು ಹೋದಾಗ ಅಂಗಡಿಯವರು ಬರೆದುಕೊಟ್ಟ ಚೀಟಿಯಲ್ಲಿ ಕಣ್ಣುಗಳ ಅಂತರ ೭೬ ಮಿಲಿಮೀಟರು ಎಂದಿತ್ತು. ನಮ್ಮ ೮×೩೦ ದುರ್ಬೀನು ಪೂರ್ತಿಯಾಗಿ ಅಗಲಿಸಿದರೂ ೭೦ನ್ನು ದಾಟುತ್ತಿರಲಿಲ್ಲ. ದೋಷವಿದ್ದದ್ದು ಅವನ ಶ್ರದ್ಧೆಯಲ್ಲಿ ಅಲ್ಲ.

ಕಣ್ಣುಗಳ ಅಂತರವೆಂದರೆ ದೂರದ ವಸ್ತುವನ್ನು ನೋಡುತ್ತಿರುವಾಗ ಎರಡು ಪಾಪೆಗಳ ಮಧ್ಯಬಿಂದುಗಳ ನಡುವಣ ದೂರ. ವಯಸ್ಕರಲ್ಲಿ ಇದರ ಸರಾಸರಿ ಸುಮಾರು ೬೩ ಮಿಲಿಮೀಟರು. ಅಮೆರಿಕದ ಸೈನ್ಯದವರು ೧೯೮೮ರಲ್ಲಿ ತಮ್ಮ ಸ್ತ್ರೀಪುರುಷ ಸಿಬ್ಬಂದಿಯನ್ನು ಅಳೆದಾಗ ಈ ಅಂತರ ೫೨ರಿಂದ ೭೮ರವರೆಗೆ ಹರಡಿಕೊಂಡಿದ್ದುದು ಕಂಡುಬಂದಿತು. ಪೇಟೆಯಲ್ಲಿ ದೊರೆಯುವ ದುರ್ಬೀನುಗಳಾದರೋ ಸಾಮಾನ್ಯವಾಗಿ ೫೬ರಿಂದ ೭೨ ಅಥವಾ ೭೪ರವರೆಗೆ ಮಾತ್ರ ಹೊಂದುತ್ತವೆ. ಈ ಮೇರೆಯ ಆಚೆಗಿರುವವರು ಕೆಲವರೇ ಆದರೂ ಅವರು ರೋಗಿಗಳಲ್ಲ.

ಈ ಮೇರೆ ಹೇಗೆ ಉಂಟಾಯಿತೆಂಬುದನ್ನು ತಿಳಿಯಲು ಉಪಕರಣದ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ೧೬೦೮ರಲ್ಲಿ ಮಿಡೆಲ್‌ಬರ್ಗಿನ ಕನ್ನಡಕ ತಯಾರಕ ಹಾನ್ಸ್ ಲಿಪರ್ಶೆ ತನ್ನ ದೂರದರ್ಶಕಕ್ಕೆ ಹಕ್ಕುಪತ್ರ ಬೇಡಿದಾಗ, ಎರಡು ಕಣ್ಣುಗಳಿಂದಲೂ ನೋಡಬಹುದಾದ ಉಪಕರಣವನ್ನು ಮಾಡಿಕೊಡೆಂದು ನೆದರ್ಲೆಂಡ್ಸಿನ ಸ್ಟೇಟ್ಸ್ ಜನರಲ್ ಸಭೆ ಅವನನ್ನು ಕೇಳಿತು. ಹೀಗೆ ಜೋಡಿ ದುರ್ಬೀನಿನ ಬಯಕೆ ದೂರದರ್ಶಕದಷ್ಟೇ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ನಾಟಕಶಾಲೆಗಳಲ್ಲಿ ಬಳಕೆಗೆ ಬಂದ ಚಿಕ್ಕ ದುರ್ಬೀನುಗಳಲ್ಲಿ ಅನೇಕವು ಅಂತರವನ್ನು ಬದಲಾಯಿಸಲಾಗದಂಥವು. ಇಟಲಿಯ ಇಗ್ನಾತ್ಸಿಯೊ ಪೋರೊ ೧೮೫೪ರಲ್ಲಿ ಪ್ರಿಸಂ ಎಂಬ ಗಾಜಿನ ಪಟ್ಟಕಗಳಿಂದ ಬಿಂಬವನ್ನು ನೆಟ್ಟಗೆ ನಿಲ್ಲಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಅದೇ ತತ್ತ್ವದ ಮೇಲೆ ಅರ್ನ್ಸ್ಟ್ ಅಬ್ಬೆಯ ಮಾರ್ಗದರ್ಶನದಲ್ಲಿ ರೂಪುಗೊಂಡ ದುರ್ಬೀನನ್ನು ಯೇನಾ ನಗರದ ಕಾರ್ಲ್ ಝೈಸ್ ಸಂಸ್ಥೆ ೧೮೯೪ರಲ್ಲಿ ಮಾರಾಟಕ್ಕೆ ತಂದಿತು. ಇಂದಿನ ದುರ್ಬೀನುಗಳು ಬಹುಮಟ್ಟಿಗೆ ಇದರ ಸಂತತಿ.

ಇವುಗಳಲ್ಲಿ ಎರಡು ಕೊಳವೆಗಳೂ ನಡುವಿನ ಒಂದು ಕೀಲಿನ ಸುತ್ತ ಪುಸ್ತಕದ ರಟ್ಟುಗಳಂತೆ ಮಡಚಿಕೊಳ್ಳುತ್ತವೆ. ಕೀಲಿನಿಂದ ನೇತ್ರಮಸೂರದ ಮಧ್ಯಕ್ಕೆ ೩೬ ಮಿಲಿಮೀಟರು ದೂರವಿದ್ದರೆ, ಕೊಳವೆಗಳನ್ನು ಪೂರ್ತಿ ಹರಡಿದಾಗ ನೇತ್ರಮಸೂರಗಳ ನಡುವೆ ೭೨ ಮಿಲಿಮೀಟರು ಅಂತರವಾಗುತ್ತದೆ. ಅದಕ್ಕಿಂತ ಹೆಚ್ಚು ಎಷ್ಟು ಯತ್ನಿಸಿದರೂ ಸಾಧ್ಯವಿಲ್ಲ.

ಆದರೆ ಅಗಲವಾದ ಕಣ್ಣುಳ್ಳವರು ನಿರಾಶರಾಗಬೇಕಾಗಿಲ್ಲ. ದುರ್ಬೀನನ್ನು ತೋಳಿನಷ್ಟು ದೂರ ಹಿಡಿದು ಬೆಳಕಾದ ಗೋಡೆಯ ಕಡೆಗೆ ತಿರುಗಿಸಿದರೆ ಪ್ರತಿಯೊಂದು ನೇತ್ರಮಸೂರದಲ್ಲಿಯೂ ಒಂದು ಬೆಳಕಿನ ಬಿಲ್ಲೆ ಕಾಣುತ್ತದೆ. ಕಣ್ಣಿಗೆ ಬರುವ ಬೆಳಕೆಲ್ಲ ಈ ಬಿಲ್ಲೆಯ ಮೂಲಕವೇ ಬರತಕ್ಕದ್ದು. ವಸ್ತುಮಸೂರದ ವ್ಯಾಸವನ್ನು ವರ್ಧನದಿಂದ ಭಾಗಿಸಿದರೆ ಬಿಲ್ಲೆಯ ವ್ಯಾಸ ದೊರೆಯುತ್ತದೆ: ೮×೩೦ರಲ್ಲಿ ೩.೭೫ ಮಿಲಿಮೀಟರು, ೭×೫೦ರಲ್ಲಿ ಸುಮಾರು ೭.೧, ಜೇಬಿನ ೮×೨೦ರಲ್ಲಿ ಕೇವಲ ೨.೫. ಬಿಸಿಲಿನಲ್ಲಿ ನಮ್ಮ ಪಾಪೆಯ ವ್ಯಾಸ ೨.೫ ಎಂದಿಟ್ಟುಕೊಳ್ಳೋಣ. ಪಾಪೆ ಪೂರ್ತಿಯಾಗಿ ಬಿಲ್ಲೆಯೊಳಗೆ ಇರಬೇಕಾದರೆ ೮×೩೦ರಲ್ಲಿ ಅದು ಮಧ್ಯದಿಂದ ಸುಮಾರು ೦.೬ ಮಿಲಿಮೀಟರು ಮಾತ್ರ ಸರಿಯಬಹುದು; ೭×೫೦ರಲ್ಲಿ ೨.೩ರಷ್ಟು ಸರಿದರೂ ಬಾಧಕವಿಲ್ಲ. ಆ ವಿದ್ಯಾರ್ಥಿಗೆ ೬ ಮಿಲಿಮೀಟರು ಕೊರತೆಯಿದ್ದುದರಿಂದ ಪ್ರತಿ ಕಣ್ಣೂ ೩ ಮಿಲಿಮೀಟರು ಹೊರಗೆ ಬಿದ್ದಿತು. ಬಿಲ್ಲೆಯ ಅಂಚು ಮಾತ್ರ ಅವನ ಪಾಪೆಯನ್ನು ತಾಕುತ್ತಿತ್ತು. ೭೪ರವರೆಗೆ ಅಗಲುವ ಒಂದು ೭×೫೦ನ್ನು ಅವನ ಕೈಗೆ ಕೊಟ್ಟಾಗ ಕೊರತೆ ಪ್ರತಿ ಕಣ್ಣಿಗೆ ಒಂದೇ ಮಿಲಿಮೀಟರಾಯಿತು. ದೃಶ್ಯ ಪೂರ್ಣವಾಗಿ ಕಂಡಿತು. ಅದು ತೂಕದ ಉಪಕರಣ, ವರ್ಧನವೂ ಒಂದು ಕಡಮೆ. ಆದರೂ ಕಾಣದ ಎಂಟಕ್ಕಿಂತ ಕಾಣುವ ಏಳು ಲೇಸು.

ಆದಕಾರಣ ಕೊಳ್ಳುವವರು ಮೊದಲು ತಮ್ಮ ಕಣ್ಣುಗಳ ಅಂತರವನ್ನು ಅಳೆಯಿಸಿಕೊಳ್ಳಬೇಕು. ಮುಖವನ್ನು ನೋಡಿ ಊಹಿಸುವುದು ಸಲ್ಲದು. ಮೂಗಿನ ಬುಡದ ಅಗಲ ಅನೇಕ ವೇಳೆ ಮೋಸಗೊಳಿಸುತ್ತದೆ. ಕನ್ನಡಕದ ಅಂಗಡಿಯಲ್ಲಿ ಈ ಅಳತೆ ಸುಲಭವಾಗಿ ದೊರೆಯುತ್ತದೆ. ಬಳಿಕ ದುರ್ಬೀನನ್ನು ಪೂರ್ತಿ ಅಗಲಿಸಿ ಎರಡು ಬೆಳಕಿನ ಬಿಲ್ಲೆಗಳ ಮಧ್ಯದ ದೂರವನ್ನು ಅಳತೆಪಟ್ಟಿಯಿಂದ ನೋಡಬೇಕು; ಸೂರ್ಯನ ಕಡೆಗೆ ಮಾತ್ರ ಎಂದಿಗೂ ತಿರುಗಿಸಕೂಡದು. ಕೆಲವು ಉಪಕರಣಗಳಲ್ಲಿ ಕೀಲಿನ ಮೇಲೆಯೇ ಮಿಲಿಮೀಟರುಗಳ ಗುರುತಿರುತ್ತದೆ. ಎರಡು ಕೀಲುಗಳುಳ್ಳ ಜೇಬಿನ ದುರ್ಬೀನುಗಳಲ್ಲಿ ಕೆಲವು ಸಾಕಷ್ಟು ಅಗಲುತ್ತವೆ. ಆದರೆ ಅವುಗಳ ಬಿಲ್ಲೆ ಚಿಕ್ಕದಾದುದರಿಂದ ಅಂತರ ಕರಾರುವಾಕ್ಕಾಗಿ ಹೊಂದಲೇಬೇಕು.

ಇನ್ನೊಂದು ಭ್ರಾಂತಿಯನ್ನು ನಿವಾರಿಸುವುದು ಯುಕ್ತ. ಒಂದೊಂದೇ ಕಣ್ಣಿನಿಂದ ನೋಡಿದಾಗ ಪೂರ್ಣವಾಗಿ ಕಂಡು, ಎರಡರಿಂದಲೂ ನೋಡಿದಾಗ ಬದಿಗಳಲ್ಲಿ ನೆರಳು ಕವಿದರೆ ಅದು ಅಂತರದ ಕೊರತೆ. ಒಂದು ಪ್ರತಿಮೆ ಎರಡಾಗಿ ಕಂಡರೆ ಬಹುಶಃ ದುರ್ಬೀನಿನ ಕೊಳವೆಗಳೇ ಓರೆಯಾಗಿವೆ. ಅದನ್ನು ದುರಸ್ತಿಗೆ ಕಳುಹಿಸಬೇಕು.

ಆ ವಿದ್ಯಾರ್ಥಿಯ ಅಂಕಗಳನ್ನು ನಾವು ತಿದ್ದಿದೆವು. ಹಂಪೆಯ ಆ ದಿನವನ್ನು ಮಾತ್ರ ಅವನಿಗೆ ಹಿಂದಿರುಗಿಸುವುದು ನಮ್ಮಿಂದಾಗಲಿಲ್ಲ. ಈಗ ಪ್ರತಿ ಪ್ರವಾಸಕ್ಕೆ ಮುಂಚೆ ಎಲ್ಲರ ಕಣ್ಣುಗಳ ಅಂತರವನ್ನೂ ಅಳೆದು ಅವರವರ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆಯಿಸುತ್ತೇವೆ. ಇದಕ್ಕೆ ಬೇಕಾಗುವುದು ಒಂದು ಅಳತೆಪಟ್ಟಿ ಮತ್ತು ತಲೆಗೆ ಒಂದು ನಿಮಿಷ. ಇತರ ಕಾಲೇಜುಗಳ ಅಧ್ಯಾಪಕ ಮಿತ್ರರೂ ಈ ಪದ್ಧತಿಯನ್ನು ಅನುಸರಿಸಬೇಕೆಂದು ನಮ್ಮ ಕೋರಿಕೆ.